ಬೀಜಗಣಿತದ ಹೊಸ್ತಿಲಲ್ಲಿ

ಗಣಿತವೆಂದೊಡನೆ ಮುಖ ಬಾಡುವ ವಿದ್ಯಾರ್ಥಿಗಳು ಎಲ್ಲ ಶಾಲೆಗಳಲ್ಲಿಯೂ ಇರುತ್ತಾರೆ. ನಮ್ಮ ಶಾಲೆಯೂ ಇದಕ್ಕೆ ಹೊರತಲ್ಲ. ಆದರೆ ಈ ಅಂಜಿಕೆ ಮೊದಲನೆಯ ಇಯತ್ತೆಯಿಂದಲೇ ಬಂದುದಲ್ಲವೆಂಬುದು ಸೂಕ್ಷ್ಮವಾಗಿ ನೋಡಿದವರಿಗೆ ತಿಳಿಯದಿರದು. ಮಗ್ಗಿಯನ್ನು ಸರಾಗವಾಗಿ ಒಪ್ಪಿಸಿದ, ಬಡ್ಡಿ, ಲಾಭ-ನಷ್ಟಗಳ ಲೆಕ್ಕಗಳನ್ನು ಉತ್ಸಾಹದಿಂದ ಬಿಡಿಸಿದ ಹುಡುಗನು ಆರನೆಯ, ಏಳನೆಯ ಇಯತ್ತೆಗೆ ಬಂದು, ಅಂಕಿಯ ಸ್ಥಾನದಲ್ಲಿ ಅಕ್ಷರವು ಕುಳಿತಿರುವುದನ್ನೂ ಸೊನ್ನೆಗಿಂತ ಕಡಿಮೆಯಾದ ಸಂಖ್ಯೆಯೊಂದು ಎದುರಿಗೆ ನಿಂತಿರುವುದನ್ನೂ ಕಂಡಾಗ ಒಮ್ಮೆಲೇ ತಡವರಿಸುತ್ತಾನೆ. ಅಂಕಗಣಿತದಿಂದ ಬೀಜಗಣಿತಕ್ಕೆ ದಾಟುವ ಆ ಹೊಸ್ತಿಲಿನಲ್ಲಿ ಎಡವಿದವನು ಮುಂದೆ ಹತ್ತನೆಯ ಇಯತ್ತೆಯವರೆಗೂ ಕುಂಟುತ್ತಲೇ ನಡೆಯುತ್ತಾನೆ. ವಿಜ್ಞಾನ, ವಾಣಿಜ್ಯ, ಯಂತ್ರವಿದ್ಯೆಗಳ ಬಾಗಿಲುಗಳು ಒಂದೊಂದಾಗಿ ಅವನ ಪಾಲಿಗೆ ಮುಚ್ಚಿಕೊಳ್ಳುತ್ತವೆ. ತಾನು ಎಡವಿದ್ದು ಎಲ್ಲಿ ಎಂಬುದು ಮಾತ್ರ ಅವನಿಗೆ ಕೊನೆಯವರೆಗೂ ತಿಳಿಯುವುದಿಲ್ಲ.

ಒಮ್ಮೆ ಎಂಟನೆಯ ಇಯತ್ತೆಯಲ್ಲಿ ನಾವು ‘2 − (−4) ಎಷ್ಟು?’ ಎಂದು ಕೇಳಿದೆವು. ಹಿಂದಿನ ಸಾಲಿನ ಹುಡುಗನೊಬ್ಬನು ‘6’ ಎಂದು ಸರಿಯಾಗಿ ಹೇಳಿದನು. ‘ಏಕೆ?’ ಎಂದೆವು. ‘ಋಣ ಋಣ ಕೂಡಿದರೆ ಧನ, ಸರ್’ ಎಂದನು. ನಮಗೆ ಸಂತೋಷವಾಯಿತು. ಮರುಗಳಿಗೆಯಲ್ಲಿಯೇ ‘−4 − 2 ಎಷ್ಟು?’ ಎಂದು ಕೇಳಲು, ಅವನು ಅಷ್ಟೇ ಧೈರ್ಯದಿಂದ ‘+6’ ಎಂದನು. ಇಲ್ಲಿಯೂ ಎರಡು ಋಣಚಿಹ್ನೆಗಳು ಇವೆಯಲ್ಲವೇ! ತಪ್ಪು ಹುಡುಗನದಲ್ಲ. ಅರ್ಥವನ್ನು ಕೊಡದೆ ಸೂತ್ರವನ್ನು ಕೊಟ್ಟವರು ನಾವು. ಸೂತ್ರವನ್ನು ಅವನು ಸಿಕ್ಕಲ್ಲೆಲ್ಲ ಪ್ರಯೋಗಿಸಿದನು. ಈ ಕೊರತೆಯನ್ನು ನೀಗುವ ಬಗೆ ಯಾವುದೆಂದು ಹುಡುಕುತ್ತಿದ್ದಾಗ, ದೂರದ ಅಮೇರಿಕೆಯ ಸಾರ್ವಜನಿಕ ಶಾಲೆಗಳಲ್ಲಿ ನಡೆದ ಕೆಲವು ಪ್ರಯತ್ನಗಳ ವೃತ್ತಾಂತವು ನಮ್ಮ ಗಮನಕ್ಕೆ ಬಂದಿತು. ಅದನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಸಾರ್ವಜನಿಕ ಶಾಲೆ ಎಂದರೇನು?

ನಮ್ಮ ದೇಶದಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದರೆ ಸಾಮಾನ್ಯವಾಗಿ ಶ್ರೀಮಂತರ ಮಕ್ಕಳು ಹೆಚ್ಚಿನ ಶುಲ್ಕ ಕೊಟ್ಟು ಓದುವ ಖಾಸಗಿ ಶಾಲೆ. ಅಮೇರಿಕೆಯಲ್ಲಿ ಅದರ ಅರ್ಥವೇ ಬೇರೆ. ಅಲ್ಲಿ ಜನರ ತೆರಿಗೆಯ ಹಣದಿಂದ ನಡೆಯುವ, ಶುಲ್ಕವಿಲ್ಲದ ಶಾಲೆಗೆ ಆ ಹೆಸರು. ಒಂದು ಊರಿನ ಅಥವಾ ಪ್ರದೇಶದ ಇಂತಹ ಶಾಲೆಗಳೆಲ್ಲ ಸೇರಿ ಒಂದು ‘ಶಾಲಾ ಜಿಲ್ಲೆ’ಯಾಗುತ್ತವೆ, ಬಹುಮಟ್ಟಿಗೆ ಅಲ್ಲಿಯ ಜನರೇ ಚುನಾಯಿಸಿದ ಮಂಡಳಿಯೊಂದು ಅದನ್ನು ನಡೆಸುತ್ತದೆ. ಸಾಮಾನ್ಯವಾಗಿ ಆರರಿಂದ ಎಂಟನೆಯ ತರಗತಿಯವರೆಗೆ ಮಧ್ಯಮ ಶಾಲೆ, ಒಂಬತ್ತರಿಂದ ಹನ್ನೆರಡರವರೆಗೆ ಹೈಸ್ಕೂಲು. ಬೀಜಗಣಿತದ ಮೊದಲ ಪಾಠಕ್ರಮವನ್ನು ಎಂಟನೆಯ ತರಗತಿಯಲ್ಲಿ ಮುಗಿಸಿದವನು ಹನ್ನೆರಡನೆಯದರಲ್ಲಿ ಕಲನಗಣಿತವನ್ನು ಓದಬಲ್ಲನು. ಒಂಬತ್ತನೆಯದರಲ್ಲಿ ಮೊದಲುಮಾಡಿದವನಿಗೆ ಅಷ್ಟು ದೂರ ತಲುಪುವುದು ಕಷ್ಟ. ಆದುದರಿಂದ ಎಂಟನೆಯ ತರಗತಿಯಲ್ಲಿ ಯಾರಿಗೆ ಬೀಜಗಣಿತ, ಯಾರಿಗೆ ಇಲ್ಲ ಎಂಬ ಸಾಧಾರಣ ಪ್ರಶ್ನೆಯೇ ಅಲ್ಲಿ ಮಕ್ಕಳ ಭವಿಷ್ಯವನ್ನು ನಿರ್ಣಯಿಸುವ ಪ್ರಶ್ನೆಯಾಗಿದೆ. ಬಡವರ, ಕರಿಯ ಜನಾಂಗದವರ, ಮೆಕ್ಸಿಕೋ ಮೂಲದ ಕಾರ್ಮಿಕರ ಮಕ್ಕಳೇ ಬಹುಕಾಲ ಈ ಬಾಗಿಲಿನ ಹೊರಗೆ ಉಳಿದವರು.

ಮತದಾನದಿಂದ ಬೀಜಗಣಿತಕ್ಕೆ

ಈ ಬಾಗಿಲನ್ನು ತಟ್ಟಿದವರಲ್ಲಿ ರಾಬರ್ಟ್ ಮೋಸೆಸ್ ಅವರ ಹೆಸರು ಮುಖ್ಯವಾದುದು. 1935ರಲ್ಲಿ ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಹುಟ್ಟಿದ ಈ ಕರಿಯ ಜನಾಂಗದ ಗಣಿತ ಶಿಕ್ಷಕರು 1961ರ ಹೊತ್ತಿಗೆ ತಮ್ಮ ಕೆಲಸವನ್ನು ಬಿಟ್ಟು ದಕ್ಷಿಣದ ಮಿಸಿಸಿಪ್ಪಿ ಪ್ರಾಂತಕ್ಕೆ ಹೋದರು. ಅಲ್ಲಿಯ ಕರಿಯರಿಗೆ ಕಾನೂನಿನಲ್ಲಿ ಮತದಾನದ ಹಕ್ಕು ಇದ್ದರೂ ಓದುಬರಹದ ಪರೀಕ್ಷೆ, ತಲೆಗಂದಾಯ, ಬೆದರಿಕೆಗಳ ಮೂಲಕ ಅವರನ್ನು ಮತದಾರರ ಪಟ್ಟಿಯಿಂದ ಹೊರಗಿಡಲಾಗಿತ್ತು. ಹತ್ತಿಯ ಹೊಲಗಳಲ್ಲಿ ದುಡಿಯುವವರ ಮನೆಮನೆಗೆ ಹೋಗಿ ಅವರನ್ನು ಪಟ್ಟಿಗೆ ಸೇರಿಸುವ ಕೆಲಸದಲ್ಲಿ ಮೋಸೆಸ್ ಅವರು ಏಟುಗಳನ್ನೂ ತಿಂದರು, ಸೆರೆಮನೆಯನ್ನೂ ಕಂಡರು. ಮುಂದೆ ಆಫ್ರಿಕೆಯ ಟಾಂಜಾನಿಯಾದಲ್ಲಿ ಕೆಲವು ವರ್ಷ ಗಣಿತವನ್ನು ಕಲಿಸಿ ತಮ್ಮ ದೇಶಕ್ಕೆ ಮರಳಿದರು.

1982ರಲ್ಲಿ ಅವರ ಮಗಳು ಮ್ಯಾಸಚುಸೆಟ್ಸ್ ಪ್ರಾಂತದ ಕೇಂಬ್ರಿಜ್ ಊರಿನ ಸಾರ್ವಜನಿಕ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿದ್ದಳು. ಆ ಶಾಲೆಯಲ್ಲಿ ಬೀಜಗಣಿತವನ್ನು ಕಲಿಸುತ್ತಿರಲಿಲ್ಲ. ತಂದೆಯು ಮನೆಯಲ್ಲಿ ಹೇಳಿಕೊಡಲು ಬಯಸಿದರು. ಹೀಗೆ ಎರಡು ಬಾರಿ ಗಣಿತ ಮಾಡಲು ಮಗಳು ಒಪ್ಪಲಿಲ್ಲ. ಆಗ ಶಿಕ್ಷಕಿಯ ಆಹ್ವಾನದಂತೆ ಅವರು ಶಾಲೆಗೇ ಬಂದು ಮಗಳೊಂದಿಗೆ ಇನ್ನೂ ಕೆಲವು ಮಕ್ಕಳಿಗೆ ಬೀಜಗಣಿತವನ್ನು ಕಲಿಸತೊಡಗಿದರು. ತನ್ನ ಮಗಳಿಗೆ ಮಾತ್ರ ಸಾಲದು, ಎಲ್ಲರ ಮಕ್ಕಳಿಗೂ ಬೇಕು ಎಂಬ ಭಾವನೆಯಿಂದ ‘ಬೀಜಗಣಿತ ಯೋಜನೆ’ಯು ಹುಟ್ಟಿತು. ಹಿಂದೆ ಓದುಬರಹವಿಲ್ಲದವನು ಪೌರತ್ವದಿಂದ ಹೊರಗುಳಿದಂತೆ, ಯಂತ್ರಗಣಕಗಳ ಈ ಯುಗದಲ್ಲಿ ಗಣಿತದ ಅಕ್ಷರಾಭ್ಯಾಸವಿಲ್ಲದವನು ಆರ್ಥಿಕ ಜೀವನದಿಂದ ಹೊರಗುಳಿಯುತ್ತಾನೆ. ಆದುದರಿಂದ ಬೀಜಗಣಿತವೂ ಮತದಾನದಂತೆ ಒಂದು ನಾಗರಿಕ ಹಕ್ಕು ಎಂಬುದು ಅವರ ವಾದ. 2021ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ವಾದವನ್ನು ಬಿಡಲಿಲ್ಲ.

ವಾದಕ್ಕಿಂತ ಹೆಚ್ಚಾಗಿ ನಮ್ಮನ್ನು ಆಕರ್ಷಿಸಿದುದು ಅವರ ಬೋಧನಕ್ರಮ. ಮಕ್ಕಳು ತಡವರಿಸುವುದು ಏಕೆಂದು ಅವರು ವಿಚಾರಮಾಡಿದರು. ಅಂಕಗಣಿತದಲ್ಲಿ ಮಗುವು ಕೇಳಿಕೊಳ್ಳುವ ಪ್ರಶ್ನೆ ಒಂದೇ: ‘ಎಷ್ಟು?’ ಬೀಜಗಣಿತದಲ್ಲಿ ಇದಕ್ಕೆ ಇನ್ನೊಂದು ಪ್ರಶ್ನೆ ಜೊತೆಗೂಡುತ್ತದೆ: ‘ಯಾವ ಕಡೆಗೆ?’ ಈ ಎರಡನೆಯ ಪ್ರಶ್ನೆಯನ್ನು ಮಗುವಿನ ಮನಸ್ಸಿನಲ್ಲಿ ಮೂಡಿಸದೆ ಚಿಹ್ನೆಗಳ ನಿಯಮಗಳನ್ನು ಹೇಳಿದರೆ ಅದು ಕೇವಲ ಕಂಠಪಾಠವಾಗುತ್ತದೆ. ಅವರು ಮಕ್ಕಳನ್ನು ಬೋಸ್ಟನ್ ನಗರದ ನೆಲದಡಿಯ ರೈಲಿನಲ್ಲಿ ಕೂರಿಸಿಕೊಂಡು ಹೊರಟರು. ಮರಳಿ ಬಂದ ಮೇಲೆ ಐದು ಮೆಟ್ಟಿಲುಗಳಲ್ಲಿ ಪಾಠ ನಡೆಯಿತು. ಮೊದಲನೆಯದು, ಎಲ್ಲರೂ ಕೂಡಿ ಪಡೆದ ಒಂದು ಅನುಭವ. ಎರಡನೆಯದು, ಅದರ ಚಿತ್ರ. ಮೂರನೆಯದು, ಅದನ್ನು ತಮ್ಮ ಮನೆಮಾತಿನಲ್ಲಿ ಹೇಳುವುದು. ನಾಲ್ಕನೆಯದು, ಆ ಮಾತಿನಲ್ಲಿ ಯಾವ ಅಂಶವು ಗಣಿತಕ್ಕೆ ಬೇಕೋ ಅದನ್ನಷ್ಟೇ ಆರಿಸಿ ಶಿಸ್ತಿನ ಮಾತಿನಲ್ಲಿ ಹೇಳುವುದು. ಐದನೆಯದು, ಅದಕ್ಕೆ ಚಿಹ್ನೆಗಳನ್ನು ಕೊಡುವುದು. ನಮ್ಮ ತರಗತಿಗಳಲ್ಲಿ ನಾವು ಮೊದಲು ಮಾಡುವುದನ್ನು ಅವರು ಕೊನೆಗೆ ಮಾಡಿದರು.

ನಮ್ಮ ಲೋಕಲ್ ಗಾಡಿಯಲ್ಲಿ ಒಂದು ಪಾಠ

ರೈಲಿನ ಪಾಠಕ್ಕೆ ಮುಂಬಯಿಗಿಂತ ತಕ್ಕ ಊರು ಬೇರೊಂದಿಲ್ಲ. ವಿದ್ಯಾರ್ಥಿಗಳೇ, ಮಧ್ಯ ರೈಲ್ವೆಯ ನಿಧಾನದ ಗಾಡಿಯನ್ನು ನೆನೆಯಿರಿ. ದಾದರ ನಿಲ್ದಾಣವನ್ನು ಸೊನ್ನೆ ಎಂದು ಇಟ್ಟುಕೊಳ್ಳೋಣ. ಠಾಣೆಯ ಕಡೆಗೆ ಹೊರಟರೆ ಮಾಟುಂಗ +1, ಸಾಯನ್ +2, ಕುರ್ಲಾ +3, ವಿದ್ಯಾವಿಹಾರ +4, ಘಾಟಕೋಪರ +5, ವಿಕ್ರೋಳಿ +6. ಕೋಟೆಯ ಕಡೆಗೆ ಹೊರಟರೆ ಪರೇಲ್ −1, ಕರಿರೋಡ್ −2, ಚಿಂಚಪೋಕಳಿ −3, ಭಾಯಖಳಾ −4, ಸ್ಯಾಂಡ್‌ಹರ್ಸ್ಟ್ ರೋಡ್ −5, ಮಸ್ಜಿದ್ −6. ಇಲ್ಲಿ ಅಂಕಿಯು ಎಷ್ಟು ನಿಲ್ದಾಣ ಎಂಬುದನ್ನು ಹೇಳುತ್ತದೆ; ಚಿಹ್ನೆಯು ಯಾವ ಕಡೆಗೆ ಎಂಬುದನ್ನು ಹೇಳುತ್ತದೆ. ಪರೇಲ್ ‘ಸೊನ್ನೆಗಿಂತ ಕಡಿಮೆ’ ಎಂದರೆ ಅದು ಇಲ್ಲವೆಂದಲ್ಲ; ಅದು ದಾದರದ ಈಚೆಗಿದೆ ಎಂದಷ್ಟೇ ಅರ್ಥ.

ಒಬ್ಬನು ಭಾಯಖಳಾದಲ್ಲಿ ಹತ್ತಿ ಸಾಯನ್‌ನಲ್ಲಿ ಇಳಿದನೆನ್ನಿ. ಬೆರಳೆಣಿಸಿದರೆ ಠಾಣೆಯ ಕಡೆಗೆ ಆರು ನಿಲ್ದಾಣ ಹೋದಂತಾಯಿತು. ಇದನ್ನು ಮೊದಲು ಮಾತಿನಲ್ಲಿ ಹೇಳೋಣ: ಹೊರಟ ಸ್ಥಳಕ್ಕೆ ಪ್ರಯಾಣವನ್ನು ಕೂಡಿಸಿದರೆ ತಲುಪಿದ ಸ್ಥಳ. ಇದನ್ನೇ ಅಕ್ಷರಗಳಲ್ಲಿ ಬರೆದರೆ

ಹ + ಪ = ತ; ಆದುದರಿಂದ ಪ = ತ − ಹ.

ತ ಎಂದರೆ ಸಾಯನ್, +2. ಹ ಎಂದರೆ ಭಾಯಖಳಾ, −4. ಆಗ ಪ = 2 − (−4). ಉತ್ತರವು ನಮಗೆ ಮೊದಲೇ ಗೊತ್ತಿದೆ: +6. ನಿಯಮವನ್ನು ನಾವು ಹೇರಲಿಲ್ಲ. ಗಾಡಿಯೇ ಅದನ್ನು ತೋರಿಸಿಕೊಟ್ಟಿತು. ಸಾಯನ್‌ನಿಂದ ಭಾಯಖಳಾಕ್ಕೆ ಮರಳಿ ಬಂದರೆ ಪ = −4 − 2, ಅಂದರೆ ಕೋಟೆಯ ಕಡೆಗೆ ಆರು ನಿಲ್ದಾಣ, −6. ಇಲ್ಲಿ ‘ಋಣ ಋಣ ಕೂಡಿ ಧನ’ ಎಂದು +6 ಬರೆದರೆ, ಭಾಯಖಳಾಕ್ಕೆ ಮರಳಬೇಕಾದವನು ಠಾಣೆಯ ಕಡೆಗೇ ಸಾಗಿದಂತಾಗುತ್ತದೆ. ನಮ್ಮ ಹಿಂದಿನ ಸಾಲಿನ ಹುಡುಗನಿಗೆ ಇದನ್ನೇ ಇನ್ನೊಂದು ಬಗೆಯಿಂದ ಕೇಳಿದೆವು: ‘ನೀನು ಭಾಯಖಳಾದಲ್ಲಿದ್ದೀಯೆ. ಇನ್ನೂ ಎರಡು ನಿಲ್ದಾಣ ಕೋಟೆಯ ಕಡೆಗೆ ಹೋಗು. ಎಲ್ಲಿ ಇಳಿಯುತ್ತೀ?’ ‘ಮಸ್ಜಿದ್, ಸರ್.’ ‘ನೀನು ಹೇಳಿದ +6 ಯಾವುದು?’ ಅವನು ಪಟ್ಟಿಯನ್ನು ನೋಡಿ, ‘ವಿಕ್ರೋಳಿ!’ ಎಂದು ತಾನೇ ನಕ್ಕುಬಿಟ್ಟನು. ಆ ತಪ್ಪನ್ನು ಅವನು ಮತ್ತೆ ಮಾಡಿದುದನ್ನು ನಾವು ಕಾಣಲಿಲ್ಲ.

ಇನ್ನೂ ಒಂದು ಸಂಗತಿಯಿದೆ. ದಾದರವನ್ನೇ ಏಕೆ ಸೊನ್ನೆ ಎನ್ನಬೇಕು? ಕುರ್ಲಾದಲ್ಲಿರುವವನು ತನ್ನ ನಿಲ್ದಾಣವನ್ನೇ ಸೊನ್ನೆ ಎಂದು ಹಟ ಹಿಡಿಯಬಹುದು. ಹಿಡಿಯಲಿ. ಆಗ ಸಾಯನ್ −1, ಭಾಯಖಳಾ −7 ಆಗುತ್ತವೆ. ಪ = −1 − (−7) = +6. ಸ್ಥಳಗಳ ಹೆಸರಿಗೆ ಅಂಟಿದ ಅಂಕಿಗಳೆಲ್ಲ ಬದಲಾದರೂ ಪ್ರಯಾಣವು ಬದಲಾಗಲಿಲ್ಲ. ಸೊನ್ನೆಯನ್ನು ಎಲ್ಲಿಟ್ಟರೂ ವ್ಯತ್ಯಾಸವು ಒಂದೇ ಎಂಬ ಈ ತತ್ತ್ವವು ಮುಂದೆ ಭೌತಶಾಸ್ತ್ರದಲ್ಲಿಯೂ ನಿಮ್ಮ ಕೈಹಿಡಿಯುವುದು.

ಅಭ್ಯಾಸಕ್ಕಾಗಿ ಮೂರು ಲೆಕ್ಕಗಳು: (1) ಘಾಟಕೋಪರದಿಂದ ಪರೇಲಿಗೆ ಬಂದವನ ಪ್ರಯಾಣವೆಷ್ಟು, ಯಾವ ಕಡೆಗೆ? (2) ಚಿಂಚಪೋಕಳಿಯಿಂದ +7 ಪ್ರಯಾಣ ಮಾಡಿದವನು ಎಲ್ಲಿ ಇಳಿಯುವನು? (3) ನಿಮ್ಮ ಮನೆಯ ಹತ್ತಿರದ ನಿಲ್ದಾಣವನ್ನು ಸೊನ್ನೆಯಾಗಿಟ್ಟು ಮೇಲಿನ ಎರಡು ಲೆಕ್ಕಗಳನ್ನು ಮತ್ತೆ ಮಾಡಿರಿ. ಉತ್ತರಗಳಲ್ಲಿ ಯಾವುದು ಬದಲಾಯಿತು, ಯಾವುದು ಬದಲಾಗಲಿಲ್ಲ?

ಪ್ರಸಂಗವಶಾತ್ ಹೇಳಬೇಕಾದ ಮಾತೊಂದಿದೆ. ಧನ, ಋಣ ಎಂಬ ಈ ಶಬ್ದಗಳು ನಮ್ಮ ದೇಶದ ಹಳೆಯ ಸೊತ್ತು. ಏಳನೆಯ ಶತಮಾನದ ಬ್ರಹ್ಮಗುಪ್ತನು ಅವುಗಳ ನಿಯಮಗಳನ್ನು ಹೇಳಿದನು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನು ಗುರುತಿಸಿದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಗಣಿತಕ್ಕೆ ಕನ್ನಡವು ಸಾಲದೆಂಬ ಮಾತನ್ನು ಕೇಳಿದಾಗಲೆಲ್ಲ ಈ ಹೆಸರುಗಳನ್ನು ನೆನೆಯುವುದು ಒಳ್ಳೆಯದು.

ಹದಿನೆಂಟು ವಿದ್ಯಾರ್ಥಿಗಳ ಕಥೆ

ಇನ್ನು ಲಾಸ್ ಏಂಜಲಿಸ್ ಜಿಲ್ಲೆಯ ಗಾರ್‌ಫೀಲ್ಡ್ ಹೈಸ್ಕೂಲಿನ ವೃತ್ತಾಂತ. ಹೈಮೆ ಎಸ್ಕಲಾಂಟೆ ಎಂಬವರು ದಕ್ಷಿಣ ಅಮೇರಿಕೆಯ ಬೊಲಿವಿಯಾ ದೇಶದಲ್ಲಿ ಶಿಕ್ಷಕರಾಗಿದ್ದು, 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದರು. ಇಂಗ್ಲಿಷ್ ಬಾರದು, ಹಳೆಯ ಪದವಿಗೆ ಅಲ್ಲಿ ಮನ್ನಣೆಯಿಲ್ಲ. ಹೊಟೇಲಿನಲ್ಲಿ ನೆಲ ಒರೆಸಿ, ಅಡುಗೆ ಮಾಡಿ, ಬಿಡುವಿನ ವೇಳೆಯಲ್ಲಿ ಮತ್ತೆ ಓದಿ ಶಿಕ್ಷಕರ ಅರ್ಹತೆಯನ್ನು ಸಂಪಾದಿಸಿದರು. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಮುಂಬಯಿ ಕನ್ನಡಿಗರ ಹಿಂದಿನ ತಲೆಮಾರಿಗೆ ಈ ಕಥೆ ಅಪರಿಚಿತವೆನಿಸಲಾರದು. 1974ರಲ್ಲಿ ಅವರು ಗಾರ್‌ಫೀಲ್ಡ್ ಶಾಲೆಗೆ ಬಂದಾಗ ಅಲ್ಲಿಯ ಮಕ್ಕಳಲ್ಲಿ ಬಹುತೇಕರು ಮೆಕ್ಸಿಕೋ ಮೂಲದ ಬಡ ಕಾರ್ಮಿಕರ ಮಕ್ಕಳು. ಶಾಲೆಯು ತನ್ನ ಮಾನ್ಯತೆಯನ್ನೇ ಕಳೆದುಕೊಳ್ಳುವ ಸ್ಥಿತಿಯಲ್ಲಿತ್ತು.

1982ರಲ್ಲಿ ಅವರ 18 ವಿದ್ಯಾರ್ಥಿಗಳು ಕಾಲೇಜು ಮಟ್ಟದ ಕಲನಗಣಿತ ಪರೀಕ್ಷೆಗೆ ಕುಳಿತರು. 18 ಮಂದಿಯೂ ತೇರ್ಗಡೆಯಾದರು. ಕೆಲವು ಉತ್ತರಗಳಲ್ಲಿ ಒಂದೇ ಬಗೆಯ ತಪ್ಪುಗಳು ಕಂಡವೆಂದು ಪರೀಕ್ಷಾ ಸಂಸ್ಥೆಯವರು 14 ಮಂದಿಯನ್ನು ಶಂಕಿಸಿ, ಮತ್ತೆ ಪರೀಕ್ಷೆಗೆ ಕೂರಲು ಹೇಳಿದರು. 12 ಮಂದಿ ಮತ್ತೆ ಕುಳಿತರು. 12 ಮಂದಿಯೂ ಮತ್ತೆ ತೇರ್ಗಡೆಯಾದರು. ಬಡವರ ಮಕ್ಕಳು ಗೆದ್ದಾಗ ಅವರನ್ನು ಮೊದಲು ಎದುರುಗೊಳ್ಳುವುದು ಅಭಿನಂದನೆಯಲ್ಲ, ಸಂಶಯ ಎಂಬ ಕಹಿ ಭಾವನೆಯು ಅಲ್ಲಿ ಅನೇಕರಲ್ಲಿ ಉಳಿಯಿತು. 1988ರಲ್ಲಿ ಈ ಪ್ರಸಂಗವು ‘ಸ್ಟ್ಯಾಂಡ್ ಅಂಡ್ ಡೆಲಿವರ್’ ಎಂಬ ಚಲನಚಿತ್ರವಾಗಿ ಲೋಕಪ್ರಸಿದ್ಧವಾಯಿತು.

ಆದರೆ ಚಲನಚಿತ್ರವನ್ನು ನೋಡಿದವರಿಗೆ ಒಂದು ಭ್ರಮೆಯುಂಟಾಗುವ ಸಂಭವವಿದೆ. ಸಾಮಾನ್ಯ ಲೆಕ್ಕವೇ ಬಾರದ ಮಕ್ಕಳನ್ನು ಒಬ್ಬ ಮಹಾಶಿಕ್ಷಕನು ಒಂದೆರಡು ವರ್ಷಗಳಲ್ಲಿ ಕಲನಗಣಿತದವರೆಗೆ ಎತ್ತಿಬಿಟ್ಟನೆಂದು ಅದು ತೋರಿಸುತ್ತದೆ. ನಿಜವು ಹಾಗಿರಲಿಲ್ಲ. ಅವರು ಶಾಲೆಗೆ ಬಂದುದಕ್ಕೂ ಆ ಫಲಕ್ಕೂ ನಡುವೆ ಎಂಟು ವರ್ಷಗಳಿವೆ. ಮೊದಲು ಕೆಳಗಿನ ತರಗತಿಗಳ ಬೀಜಗಣಿತ, ರೇಖಾಗಣಿತಗಳನ್ನು ಬಲಪಡಿಸಬೇಕಾಯಿತು. ಜೊತೆಗೆ ಕಲಿಸುವ ಶಿಕ್ಷಕರು ಬೇಕಾದರು. ಬೆಂಬಲ ಕೊಡುವ ಮುಖ್ಯೋಪಾಧ್ಯಾಯರು ಬೇಕಾದರು. ನೆರೆಯ ಕಾಲೇಜಿನಲ್ಲಿ ಬೇಸಿಗೆಯ ರಜೆಯ ತರಗತಿಗಳು ಬೇಕಾದವು. ಇವೆಲ್ಲ ಕೂಡಿದಾಗ, 1987ರಲ್ಲಿ, 73 ವಿದ್ಯಾರ್ಥಿಗಳು ಆ ಪರೀಕ್ಷೆಯಲ್ಲಿಯೂ ಇನ್ನೂ 12 ಮಂದಿ ಅದರ ಮೇಲಿನ ಪರೀಕ್ಷೆಯಲ್ಲಿಯೂ ತೇರ್ಗಡೆಯಾದರು. ಮುಂದೆ ಮುಖ್ಯೋಪಾಧ್ಯಾಯರು ಹೋದರು. 1991ರಲ್ಲಿ ಎಸ್ಕಲಾಂಟೆಯವರೂ ಶಾಲೆಯನ್ನು ಬಿಟ್ಟರು. ತೇರ್ಗಡೆಯಾಗುವವರ ಸಂಖ್ಯೆಯು ಇಳಿದುಹೋಯಿತು. ಒಬ್ಬ ವ್ಯಕ್ತಿಯ ಮೇಲೆ ನಿಂತ ಏರ್ಪಾಡು ಆ ವ್ಯಕ್ತಿಯೊಂದಿಗೇ ಹೊರಟುಹೋಗುತ್ತದೆ ಎಂಬುದು ಇದರ ಎರಡನೆಯ ಪಾಠ.

ಎಲ್ಲರನ್ನೂ ಕಾಯಿಸಿದ ನಗರ

ಮೂರನೆಯದು ಸ್ಯಾನ್‌ಫ್ರಾನ್ಸಿಸ್ಕೋ ಜಿಲ್ಲೆಯ ಅನುಭವ. ಅಲ್ಲಿ ಎಂಟನೆಯ ತರಗತಿಯ ಬೀಜಗಣಿತದಲ್ಲಿ ಅನೇಕರು ಅನುತ್ತೀರ್ಣರಾಗಿ ಅದೇ ಪಾಠವನ್ನು ಮತ್ತೆ ಓದುತ್ತಿದ್ದರು. ಬಡವರ ಮಕ್ಕಳೇ ಇವರಲ್ಲಿ ಹೆಚ್ಚು. ಮಕ್ಕಳನ್ನು ಚಿಕ್ಕವಯಸ್ಸಿನಲ್ಲಿಯೇ ‘ಮೇಲಿನವರು’, ‘ಕೆಳಗಿನವರು’ ಎಂದು ವಿಂಗಡಿಸುವುದು ಅನ್ಯಾಯವೆಂದು ಬಗೆದು, 2014ರಲ್ಲಿ ಜಿಲ್ಲಾ ಮಂಡಳಿಯು ಎಂಟನೆಯ ತರಗತಿಯಿಂದ ಬೀಜಗಣಿತದ ಪಾಠಕ್ರಮವನ್ನೇ ತೆಗೆದು, ಎಲ್ಲರಿಗೂ ಒಂಬತ್ತನೆಯದರಲ್ಲಿ ಇಟ್ಟಿತು. ಉದ್ದೇಶವು ಉದಾತ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಫಲವು ಉದ್ದೇಶದಂತೆ ಬರಲಿಲ್ಲ. ಹಣವುಳ್ಳವರು ಹೊರಗೆ ಖಾಸಗಿ ಪಾಠ ಹೇಳಿಸಿ ಮಕ್ಕಳನ್ನು ಮುಂದೆ ಕಳುಹಿಸಿದರು. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿದಾಗ, ಮೇಲ್ಮಟ್ಟದ ಗಣಿತವನ್ನು ಆರಿಸಿಕೊಳ್ಳುವವರ ಪ್ರಮಾಣವು ಮೊದಲು ಇಳಿದು ಆಮೇಲೆ ಸ್ವಲ್ಪ ಚೇತರಿಸಿತೆಂದೂ, ಜನಾಂಗಗಳ ನಡುವಣ ದೊಡ್ಡ ಅಂತರವು ಹೆಚ್ಚುಕಡಿಮೆ ಹಾಗೆಯೇ ಉಳಿಯಿತೆಂದೂ ಕಂಡುಬಂದಿತು. 2024ರ ಫೆಬ್ರವರಿಯಲ್ಲಿ ಮಂಡಳಿಯು ಮಧ್ಯಮ ಶಾಲೆಗೆ ಬೀಜಗಣಿತವನ್ನು ಮರಳಿ ತರಲು ನಿರ್ಣಯಿಸಿತು. ಮಾರ್ಚ್ ತಿಂಗಳಲ್ಲಿ ನಗರದ ಮತದಾರರಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಜನರು ಅದನ್ನು ಅನುಮೋದಿಸಿದರು.

ಈ ಮೂರು ಅನುಭವಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸತ್ಯವು ಸ್ಪಷ್ಟವಾಗುತ್ತದೆ. ಹೊಸ್ತಿಲು ಎತ್ತರವಾಗಿದೆಯೆಂದು ಅದನ್ನು ಮುಂದಕ್ಕೆ ಸರಿಸುವುದರಿಂದ ಎಡವುವುದು ತಪ್ಪುವುದಿಲ್ಲ. ಒಂದು ವರ್ಷ ತಡವಾಗಿ ಎಡವುತ್ತಾರೆ, ಅಷ್ಟೆ. ಹೊಸ್ತಿಲಿಗೆ ಮುಂಚಿನ ಮೆಟ್ಟಿಲುಗಳನ್ನು ಕಟ್ಟಬೇಕು. ಆ ಮೆಟ್ಟಿಲುಗಳು ಹತ್ತನೆಯ ಇಯತ್ತೆಯಲ್ಲಿಲ್ಲ. ಐದು, ಆರು, ಏಳನೆಯ ಇಯತ್ತೆಗಳಲ್ಲಿವೆ.

ನಾವು ಮಾಡಬೇಕಾದುದು

ಅಮೇರಿಕೆಯ ಜಿಲ್ಲೆಗಳ ಸಂಪತ್ತು ನಮ್ಮಲ್ಲಿಲ್ಲ. ಮುಂಬಯಿಯ ಕನ್ನಡ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಅನೇಕರ ತಂದೆತಾಯಿಗಳು ದಿನಗೂಲಿಯವರು. ಖಾಸಗಿ ಪಾಠಕ್ಕೆ ಹಣವಿಲ್ಲ. ‘ಕನ್ನಡ ಶಾಲೆಯಲ್ಲಿ ಓದಿದವನಿಗೆ ಗಣಿತ ಬಂದೀತೇ?’ ಎಂಬ ಕೊಂಕುಮಾತನ್ನು ಮಕ್ಕಳೂ ಕೇಳಿದ್ದಾರೆ, ನಾವೂ ಕೇಳಿದ್ದೇವೆ. ಅದಕ್ಕೆ ಉತ್ತರವನ್ನು ಬಾಯಿಂದ ಕೊಡಲಾಗದು. ಮಾಡಬಹುದಾದ ಕೆಲವು ಕೆಲಸಗಳನ್ನು ಇಲ್ಲಿ ಸೂಚಿಸುತ್ತೇವೆ.

ಮೊದಲನೆಯದಾಗಿ, ಪ್ರಾಥಮಿಕ ಶಾಲೆಯ ಗಣಿತ ಶಿಕ್ಷಕರೂ ಹೈಸ್ಕೂಲಿನವರೂ ತಿಂಗಳಿಗೊಮ್ಮೆಯಾದರೂ ಕೂಡಿ ಕುಳಿತು, ಮಕ್ಕಳ ಉತ್ತರಪತ್ರಿಕೆಗಳ ತಪ್ಪುಗಳನ್ನು ಮುಂದಿಟ್ಟುಕೊಂಡು ವಿಚಾರಿಸಬೇಕು. ಮಗುವಿನ ತಪ್ಪು ಎಂದೂ ಅರ್ಥಹೀನವಲ್ಲ. ಅದರ ಹಿಂದೆ ಮಗುವಿನದೇ ಆದ ಒಂದು ತರ್ಕವಿರುತ್ತದೆ. ಎರಡನೆಯದಾಗಿ, ಸೂತ್ರಕ್ಕೆ ಮುಂಚೆ ಮಾತು ಬರಬೇಕು. ಮಗುವು ಕನ್ನಡದಲ್ಲಿ, ಬೇಕಾದರೆ ಮನೆಯ ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ, ತಾನು ಕಂಡುದನ್ನು ಹೇಳಲಿ. ಆಮೇಲೆ ಪುಸ್ತಕದ ಮಾತು, ಕೊನೆಗೆ ಚಿಹ್ನೆ. ಕನ್ನಡದಲ್ಲಿ ಅರ್ಥಮಾಡಿಕೊಂಡವನಿಗೆ ಹನ್ನೊಂದನೆಯ ಇಯತ್ತೆಯಲ್ಲಿ ಋಣಕ್ಕೆ ‘ನೆಗೆಟಿವ್’ ಎಂಬ ಇನ್ನೊಂದು ಹೆಸರನ್ನು ಕಲಿಯುವುದು ಕೆಲವು ದಿನಗಳ ಕೆಲಸ. ಅರ್ಥವೇ ತಿಳಿಯದವನಿಗೆ ಯಾವ ಭಾಷೆಯ ಹೆಸರೂ ಒಂದೇ. ಮೂರನೆಯದಾಗಿ, ಮೇಲಿನ ಇಯತ್ತೆಯ ವಿದ್ಯಾರ್ಥಿಗಳು ಕೆಳಗಿನವರಿಗೆ ವಾರಕ್ಕೊಂದು ತಾಸು ಕಲಿಸಬೇಕು. ಮೋಸೆಸ್ ಅವರ ಯೋಜನೆಯಲ್ಲಿ ಕಲಿತ ತರುಣರೇ 1996ರಲ್ಲಿ ಸಂಘ ಕಟ್ಟಿಕೊಂಡು ಕಿರಿಯರಿಗೆ ಕಲಿಸತೊಡಗಿದರು. ಕಲಿಸುವವನು ಎರಡು ಬಾರಿ ಕಲಿಯುತ್ತಾನೆ. ಮೇಲಾಗಿ, ಈ ಪದ್ಧತಿಯು ಒಬ್ಬ ಶಿಕ್ಷಕನು ನಿವೃತ್ತನಾದೊಡನೆ ನಿಂತುಹೋಗುವುದಿಲ್ಲ.

ಪಾಲಕರಲ್ಲಿ ನಮ್ಮದೊಂದು ವಿನಂತಿ. ‘ನಮ್ಮ ಮನೆಯಲ್ಲಿ ಯಾರಿಗೂ ಗಣಿತ ಬರಲಿಲ್ಲ, ಇವನಿಗೆಲ್ಲಿಂದ ಬರಬೇಕು’ ಎಂಬ ಮಾತನ್ನು ಮಕ್ಕಳ ಮುಂದೆ ದಯವಿಟ್ಟು ಆಡಬೇಡಿರಿ. ಲೆಕ್ಕ ಹೇಳಿಕೊಡಲು ನಿಮಗೆ ಬಾರದಿದ್ದರೆ ಚಿಂತೆಯಿಲ್ಲ. ‘ಇದನ್ನು ಹೇಗೆ ಮಾಡಿದೆ, ನನಗೆ ತಿಳಿಸು’ ಎಂದು ಕೇಳಿರಿ. ಉತ್ತರವನ್ನು ಕೊನೆಯವರೆಗೆ ಆಲಿಸಿರಿ. ಅಷ್ಟರಿಂದಲೇ ಅರ್ಧ ಪಾಠವಾಗುತ್ತದೆ.

ವಿದ್ಯಾರ್ಥಿಗಳೇ, ಇಂದು ಸಂಜೆ ಗಾಡಿಯಲ್ಲಿ ಮನೆಗೆ ಹೋಗುವಾಗ ಬಾಗಿಲಿನ ಮೇಲಿನ ನಿಲ್ದಾಣಗಳ ಪಟ್ಟಿಯನ್ನು ಒಮ್ಮೆ ನೋಡಿರಿ. ಎಲ್ಲಿ ನಿಂತಿದ್ದೀರಿ, ಎಷ್ಟು ದೂರ ಹೋಗಬೇಕು, ಯಾವ ಕಡೆಗೆ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ನಮ್ಮ ಶಾಲೆಯ ಗಣಿತವೂ ಈ ಪ್ರಶ್ನೆಗಳನ್ನೇ ಕೇಳಿಕೊಳ್ಳಬೇಕಾಗಿದೆ. ಮುಂದಿನ ವರ್ಷದ ಸಂಚಿಕೆಯಲ್ಲಿ ಇದಕ್ಕೆ ಉತ್ತರವನ್ನು ಬರೆಯುವವರು ನಮ್ಮ ವಿದ್ಯಾರ್ಥಿಗಳೇ ಆಗಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.